ಇಂಗ್ಲಿಷಿನಲ್ಲಿ ಆರ್ಟಿಕಲ್ ಬಿಡುವುದೆಲ್ಲಿ?

ಇಂಗ್ಲಿಷ್ ಭಾಷೆಯಲ್ಲಿ ಯಾವ ಪದಗಳು ಕಠಿನವೆಂದು ನಮ್ಮ ವಿದ್ಯಾರ್ಥಿಗಳನ್ನು ಕೇಳಿದರೆ, ಅವರು ಉದ್ದುದ್ದವಾದ, ಉಚ್ಚರಿಸಲು ನಾಲಗೆ ತೊಡರುವ ಪದಗಳನ್ನು ಹೇಳುತ್ತಾರೆ. ಅವರ ಉತ್ತರಪತ್ರಿಕೆಗಳನ್ನು ತಿದ್ದುವ ನಮ್ಮಂಥವರ ಅನುಭವ ಬೇರೆ. ಕೆಂಪು ಶಾಯಿ ಹೆಚ್ಚಾಗಿ ಖರ್ಚಾಗುವುದು ‘ಎ’, ‘ಆನ್’, ‘ದಿ’ ಎಂಬ ಮೂರು ಪುಟ್ಟ ಪದಗಳಿಗೆ. ಇವಕ್ಕೆ ಆರ್ಟಿಕಲ್‌ಗಳೆಂದು ಹೆಸರು. ಇವನ್ನು ಎಲ್ಲಿ ಹಾಕಬೇಕೆಂಬುದನ್ನು ನಾವು ತರಗತಿಯಲ್ಲಿ ವಾರಗಟ್ಟಲೆ ಹೇಳುತ್ತೇವೆ. ಎಲ್ಲಿ ಬಿಡಬೇಕೆಂಬುದನ್ನು ಮಾತ್ರ ಗಂಟೆ ಬಾರಿಸುವ ಹೊತ್ತಿಗೆ ಅವಸರದಿಂದ ಹೇಳಿ ಮುಗಿಸುತ್ತೇವೆ. ಆ ಉಳಿದುಹೋದ ಪಾಠವನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅದಕ್ಕೆ ಕಾರಣ ನಾನೇ ಮಾಡಿದ ಒಂದು ತಪ್ಪು.

ನಾನು ಅಧ್ಯಾಪಕನಾಗಿ ಸೇರಿದ ಹೊಸತು. ಬಿ.ಎ. ಮೊದಲ ವರ್ಷದ ಹುಡುಗನೊಬ್ಬ ಬೆಳಿಗ್ಗೆ ಬಂದು ರಜಾ ಚೀಟಿಯನ್ನು ಮೇಜಿನ ಮೇಲಿಟ್ಟ. ‘ಮೈ ಫಾದರ್ ಈಸ್ ಇನ್ ಹಾಸ್ಪಿಟಲ್’ ಎಂದು ಅದರಲ್ಲಿ ಬರೆದಿತ್ತು. ನಾನು ಕೆಂಪು ಲೇಖನಿಯಿಂದ ‘ಹಾಸ್ಪಿಟಲ್’ ಎಂಬುದರ ಹಿಂದೆ ‘ದಿ’ ಎಂದು ಸೇರಿಸಿ, “ನೋಡಪ್ಪ, ಆರ್ಟಿಕಲ್ ಬಿಟ್ಟಿದ್ದೀಯೆ. ಸರಿಯಾಗಿ ಬರೆದುಕೊಂಡು ಬಾ” ಎಂದೆ. ಅವನು ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತು, ಇನ್ನೊಂದು ಹಾಳೆಯಲ್ಲಿ ಬರೆದು ತಂದ. ನಾನು ರುಜು ಹಾಕಿದೆ. ಅವನು ಹೊರಟುಹೋದ. ಅವನ ತಂದೆಗೆ ಏನಾಗಿದೆಯೆಂದು ನಾನು ಕೇಳಲಿಲ್ಲ.

ಅಂದು ಸಂಜೆ ಮರುದಿನದ ಪಾಠಕ್ಕೆಂದು ವ್ಯಾಕರಣ ಪುಸ್ತಕವನ್ನು ತಿರುವುತ್ತಿದ್ದಾಗ ಆ ವಾಕ್ಯದ ವಿಷಯವೇ ಕಣ್ಣಿಗೆ ಬಿತ್ತು. ಒಬ್ಬನು ರೋಗಿಯಾಗಿ ಆಸ್ಪತ್ರೆಯಲ್ಲಿದ್ದರೆ ಬ್ರಿಟಿಷರು ‘ಇನ್ ಹಾಸ್ಪಿಟಲ್’ ಎನ್ನುತ್ತಾರೆ. ರೋಗಿಯನ್ನು ನೋಡಲೆಂದೋ, ಕೆಲಸಕ್ಕೆಂದೋ ಆ ಕಟ್ಟಡದೊಳಗೆ ಇದ್ದರೆ ‘ಇನ್ ದಿ ಹಾಸ್ಪಿಟಲ್’ ಎನ್ನುತ್ತಾರೆ. ಅಮೆರಿಕದವರು ಈ ಭೇದವನ್ನು ಮಾಡದೆ ರೋಗಿಯ ವಿಷಯದಲ್ಲಿಯೂ ‘ದಿ’ ಹಾಕುವುದುಂಟು. ಆದರೆ ನಾವು ಪಾಠ ಹೇಳುತ್ತಿದ್ದುದು ಬ್ರಿಟಿಷರ ಪದ್ಧತಿಯನ್ನು. ಆ ಪ್ರಕಾರ ಹುಡುಗನು ಬರೆದದ್ದೇ ಸರಿ. ತಂದೆ ಹಾಸಿಗೆ ಹಿಡಿದಿದ್ದಾರೆ ಎಂಬ ಸಂಗತಿಯೆಲ್ಲ ಆ ‘ದಿ’ ಇಲ್ಲದಿರುವುದರಲ್ಲಿಯೇ ಇತ್ತು. ನಾನು ಅದನ್ನು ತಿದ್ದಿ ಕೆಡಿಸಿದ್ದೆ.

ಹುಡುಗನು ಎಂಟು ಹತ್ತು ದಿನಗಳ ಮೇಲೆ ಬಂದ. ಮೊದಲು ತಂದೆಯ ಕ್ಷೇಮವನ್ನು ವಿಚಾರಿಸಿದೆ. “ಮನೆಗೆ ಕರೆದುಕೊಂಡು ಬಂದೆವು ಸಾರ್, ಈಗ ಗುಣವಾಗಿದೆ” ಎಂದ. ಅನಂತರ ತರಗತಿಯೆದುರಿಗೆ, ಅವನ ವಾಕ್ಯ ಸರಿಯೆಂದೂ ನನ್ನ ತಿದ್ದುಪಡಿ ತಪ್ಪೆಂದೂ ಹೇಳಿ, “ಅಲ್ಲಿ ‘ದಿ’ ಬಿಡಬೇಕೆಂದು ನಿನಗೆ ಹೇಗೆ ಗೊತ್ತಾಯಿತು?” ಎಂದು ಕೇಳಿದೆ. ಅವನು ಸಂಕೋಚದಿಂದಲೇ ಹೇಳಿದ: “ಗೊತ್ತಿರಲಿಲ್ಲ ಸಾರ್. ನಮ್ಮಪ್ಪ ಆಸ್ಪತ್ರೆಯಲ್ಲಿದ್ದಾರೆ ಅನ್ನುತ್ತೇವೆ, ಆ ಆಸ್ಪತ್ರೆಯಲ್ಲಿದ್ದಾರೆ ಅನ್ನುವುದಿಲ್ಲವಲ್ಲ. ಅದಕ್ಕೇ ಬಿಟ್ಟೆ.”

ಈ ಮಾತು ನನಗೆ ಹೊಸ ದಾರಿಯನ್ನು ತೋರಿಸಿತು. ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ಆದುದರಿಂದ ಕನ್ನಡಿಗನಿಗೆ ಇದು ತಿಳಿಯುವುದು ಕಷ್ಟ ಎಂದು ನಾನು ನಂಬಿದ್ದೆ. ಪದವಿಲ್ಲವೆಂಬುದು ನಿಜ; ಸಂಸ್ಕೃತದಲ್ಲಿಯೂ ಇಲ್ಲ, ಲ್ಯಾಟಿನ್ನಿನಲ್ಲಿಯೂ ಇಲ್ಲ, ರಷ್ಯನ್ ಭಾಷೆಯಲ್ಲಿಯೂ ಇಲ್ಲ. ಆದರೆ ಆ ಪದಗಳು ತೋರಿಸುವ ಭೇದ ನಮ್ಮ ಭಾಷೆಯಲ್ಲಿ ಬೇರೆ ರೀತಿಯಲ್ಲಿ ಇದ್ದೇ ಇದೆ. ಅಜ್ಜಿ ಕಥೆ ಹೇಳುವಾಗ “ಒಂದೂರಿನಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಮೂವರು ಮಕ್ಕಳು” ಎನ್ನುತ್ತಾಳೆ. ಮೊದಲ ಸಲ ‘ಒಬ್ಬ’, ಎರಡನೆಯ ಸಲ ‘ಆ’. ಇಂಗ್ಲಿಷಿನ ಇತಿಹಾಸವೂ ಇದನ್ನೇ ಹೇಳುತ್ತದೆ: ‘ಎ’, ‘ಆನ್’ ಎಂಬುವು ‘ಒಂದು’ ಎಂಬರ್ಥದ ಹಳೆಯ ಪದದಿಂದಲೂ, ‘ದಿ’ ಎಂಬುದು ‘ಆ’ ಎಂಬರ್ಥದ ಹಳೆಯ ಪದದಿಂದಲೂ ಹುಟ್ಟಿದವು.

ಇನ್ನೂ ಒಂದು ಸೂಕ್ಷ್ಮವನ್ನು ನೋಡಿ. ‘ಹಾಲು ಕುಡಿದೆ’ ಎನ್ನುವುದಕ್ಕೂ ‘ಹಾಲನ್ನು ಕುಡಿದೆ’ ಎನ್ನುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದು ಯಾವುದೋ ಹಾಲು. ಕುಡಿದದ್ದು ನೀರಲ್ಲ, ಮಜ್ಜಿಗೆಯಲ್ಲ, ಹಾಲು ಎಂದಷ್ಟೇ ಅರ್ಥ. ಎರಡನೆಯದು ಸಾಮಾನ್ಯವಾಗಿ ಇಬ್ಬರಿಗೂ ಗೊತ್ತಿರುವ ಹಾಲು, ಅಮ್ಮ ಲೋಟದಲ್ಲಿ ಮುಚ್ಚಿಟ್ಟಿದ್ದ ಹಾಲು. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ‘ಮಿಲ್ಕ್’, ಎರಡನೆಯದಕ್ಕೆ ‘ದಿ ಮಿಲ್ಕ್’. ಜೀವವುಳ್ಳವರ ವಿಷಯದಲ್ಲಿ ಈ ಉಪಾಯ ನಡೆಯದು. ‘ಹುಡುಗನನ್ನು ಕರೆದೆ’ ಎನ್ನಲೇಬೇಕು. ಆದರೂ ವಸ್ತುಗಳ ಮಟ್ಟಿಗೆ ನಮ್ಮ ದ್ವಿತೀಯಾ ವಿಭಕ್ತಿ ಆರ್ಟಿಕಲ್ಲಿನ ಕೆಲಸವನ್ನು ಬಹುಮಟ್ಟಿಗೆ ಮಾಡುತ್ತದೆ.

ಆದುದರಿಂದ ನಾನು ವಿದ್ಯಾರ್ಥಿಗಳಿಗೆ ಹೇಳುವ ಪರೀಕ್ಷೆ ಇದು. ಬರೆಯಬೇಕೆಂದಿರುವ ನಾಮಪದವನ್ನು ಮನಸ್ಸಿನಲ್ಲಿ ಕನ್ನಡದಲ್ಲಿಟ್ಟುಕೊಂಡು, ಅದರ ಹಿಂದೆ ‘ಆ’ ಸೇರಿಸಿ ನೋಡಿ. ಅರ್ಥ ಕೆಡದಿದ್ದರೆ ‘ದಿ’. ‘ಒಂದು’ ಅಥವಾ ‘ಒಬ್ಬ’ ಸೇರಿಸಿ ನೋಡಿ. ಅರ್ಥ ಕೆಡದಿದ್ದರೆ ‘ಎ’ ಅಥವಾ ‘ಆನ್’. ಎರಡೂ ಹೊಂದದಿದ್ದರೆ, ಬಿಡುವುದೇ ಸರಿಯಿರಬಹುದೆಂದು ತಿಳಿಯಿರಿ. ಈ ಪರೀಕ್ಷೆಯಲ್ಲಿ ಬಿಡಬೇಕಾದ ಸ್ಥಳಗಳು ಹಲವು ತಾವಾಗಿಯೇ ಹೊರಬೀಳುತ್ತವೆ.

ಮೊದಲನೆಯದು, ಎಣಿಸಲಾಗದ ವಸ್ತುಗಳು ಮತ್ತು ಗುಣಗಳು. ಚಿನ್ನ, ನೀರು, ಅಕ್ಕಿ, ಧೈರ್ಯ, ಪ್ರಾಮಾಣಿಕತೆ ಇವುಗಳನ್ನು ಸಾಮಾನ್ಯವಾಗಿ ಹೇಳುವಾಗ ಆರ್ಟಿಕಲ್ ಇಲ್ಲ. ‘ಹಾನೆಸ್ಟಿ ಈಸ್ ದಿ ಬೆಸ್ಟ್ ಪಾಲಿಸಿ’ ಎಂಬ ಗಾದೆ ಎಲ್ಲರ ಬಾಯಲ್ಲಿಯೂ ಇದೆ. ಅದರಲ್ಲಿ ‘ಹಾನೆಸ್ಟಿ’ಗೆ ‘ದಿ’ ಇಲ್ಲ. ‘ಬೆಸ್ಟ್’ ಎಂಬುದಕ್ಕೆ ಇದೆ, ಏಕೆಂದರೆ ಎಲ್ಲಕ್ಕಿಂತ ಶ್ರೇಷ್ಠವಾದದ್ದು ಒಂದೇ. ಈ ಒಂದು ಗಾದೆಯನ್ನು ನೆನಪಿಟ್ಟರೆ ಎರಡು ನಿಯಮಗಳು ಕೈಯಲ್ಲಿರುತ್ತವೆ.

ಎರಡನೆಯದು, ಒಂದು ಜಾತಿಯನ್ನೆಲ್ಲ ಹೇಳುವ ಬಹುವಚನ. ‘ನಾಯಿಗಳು ನಂಬಿಗಸ್ತ ಪ್ರಾಣಿಗಳು’ ಎಂದರೆ ‘ಡಾಗ್ಸ್’. ‘ನಮ್ಮ ಬೀದಿಯ ಆ ನಾಯಿಗಳು ರಾತ್ರಿಯೆಲ್ಲ ಬೊಗಳುತ್ತವೆ’ ಎಂದರೆ ‘ದಿ ಡಾಗ್ಸ್’.

ಮೂರನೆಯದು, ಮೇಲೆ ಹೇಳಿದ ಆಸ್ಪತ್ರೆಯ ಗುಂಪು. ಶಾಲೆ, ಕಾಲೇಜು, ಚರ್ಚು, ಸೆರೆಮನೆ, ಹಾಸಿಗೆ ಇವು ಯಾವ ಉದ್ದೇಶಕ್ಕಾಗಿ ಇವೆಯೋ ಆ ಉದ್ದೇಶಕ್ಕೆ ಹೋದರೆ ಆರ್ಟಿಕಲ್ ಇಲ್ಲ. ಕಳ್ಳನು ‘ಟು ಪ್ರಿಸನ್’ ಹೋಗುತ್ತಾನೆ. ಅವನನ್ನು ನೋಡಲು ವಕೀಲನು ‘ಟು ದಿ ಪ್ರಿಸನ್’ ಹೋಗುತ್ತಾನೆ. ‘ದಿ’ ಒಂದನ್ನು ಬಿಟ್ಟರೆ ವಕೀಲನೇ ಕೈದಿಯಾದಾನು! ಆದರೆ ಆಫೀಸು ಈ ಗುಂಪಿಗೆ ಸೇರಿದ್ದಲ್ಲ. ಅಲ್ಲಿಗೆ ಗುಮಾಸ್ತನು ದಿನವೂ ಕೆಲಸಕ್ಕೇ ಹೋದರೂ ‘ಟು ದಿ ಆಫೀಸ್’ ಎಂದೇ ಬರೆಯಬೇಕು.

ನಾಲ್ಕನೆಯದು, ರೂಢಿಯ ನುಡಿಗಟ್ಟುಗಳು. ‘ಬೈ ಬಸ್’, ‘ಆನ್ ಫುಟ್’, ‘ಡೇ ಅಂಡ್ ನೈಟ್’, ‘ಹಸ್ಬೆಂಡ್ ಅಂಡ್ ವೈಫ್’. ನಾವೂ ‘ಹಗಲು ರಾತ್ರಿ ದುಡಿದ’, ‘ಗಂಡ ಹೆಂಡತಿ ಬಂದರು’ ಎನ್ನುವಾಗ ನಡುವೆ ಏನನ್ನೂ ಸೇರಿಸುವುದಿಲ್ಲ. ಆಟಗಳಿಗೂ ಇಲ್ಲ: ‘ಪ್ಲೇ ಕ್ರಿಕೆಟ್’. ವಾದ್ಯಗಳಿಗೆ ಮಾತ್ರ ಸಾಮಾನ್ಯವಾಗಿ ಉಂಟು: ‘ಪ್ಲೇ ದಿ ವಯೊಲಿನ್’.

ಐದನೆಯದು, ಒಬ್ಬರೇ ಇರುವ ಪದವಿಗೆ ಆಯ್ಕೆಯಾದರು, ನೇಮಕವಾದರು ಎಂದು ಹೇಳುವಾಗ. ಕೆಂಗಲ್ ಹನುಮಂತಯ್ಯನವರು 1952ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ‘ಬಿಕೇಮ್ ಚೀಫ್ ಮಿನಿಸ್ಟರ್’ ಎಂದರೆ ಸಾಕು.

ಆರನೆಯದು, ಅಂಕಿತನಾಮಗಳು. ಮನುಷ್ಯರು, ಊರುಗಳು, ಬಹುಪಾಲು ದೇಶಗಳು, ಬಿಡಿ ಶಿಖರಗಳು ಇವಕ್ಕೆ ಆರ್ಟಿಕಲ್ ಬೇಡ. ನದಿ, ಸಮುದ್ರ, ಪರ್ವತಶ್ರೇಣಿಗಳಿಗೆ ಬೇಕು. ಮುಳ್ಳಯ್ಯನಗಿರಿಗೆ ‘ದಿ’ ಇಲ್ಲ, ಅದನ್ನು ಹೊತ್ತಿರುವ ‘ವೆಸ್ಟರ್ನ್ ಘಾಟ್ಸ್’ಗೆ ಇದೆ, ಮಡಿಕೇರಿಗೆ ಇಲ್ಲ, ಕಾವೇರಿಗೆ ಇದೆ. ಇಲ್ಲಿ ಕೆಲವೊಮ್ಮೆ ವ್ಯಾಕರಣದೊಡನೆ ಅಭಿಮಾನವೂ ಸೇರುತ್ತದೆ. ಬ್ರಿಟಿಷರ ಕಾಲದ ಪುಸ್ತಕಗಳಲ್ಲಿ ‘ದಿ ಪಂಜಾಬ್’ ಎಂದು ಕಾಣುತ್ತೇವೆ. ಈಗ ‘ಪಂಜಾಬ್’ ಅಷ್ಟೆ. ಉಕ್ರೇನ್ ದೇಶವನ್ನೂ ಹಿಂದೆ ‘ದಿ ಉಕ್ರೇನ್’ ಎನ್ನುತ್ತಿದ್ದರು. 1991ರಲ್ಲಿ ಅದು ಸ್ವತಂತ್ರವಾದ ಮೇಲೆ ಇಂಗ್ಲಿಷ್ ಪತ್ರಿಕೆಗಳು ಕ್ರಮೇಣ ‘ದಿ’ ಬಿಟ್ಟವು. ‘ದಿ’ ಸೇರಿಸಿದರೆ ಅದು ದೇಶವೆನ್ನಿಸದೆ ಇನ್ನೊಂದು ದೇಶದ ಸೀಮೆಯೊಂದರಂತೆ ಕೇಳಿಸುತ್ತದೆಂಬುದು ಅಲ್ಲಿಯವರ ಆಕ್ಷೇಪ.

ಇಷ್ಟಾದ ಮೇಲೆ ಎರಡು ಎಚ್ಚರಿಕೆಗಳು. ನನ್ನ ಪರೀಕ್ಷೆ ಎಲ್ಲ ಕಡೆಯೂ ನಡೆಯುವುದಿಲ್ಲ. ‘ನಾನು ವೈದ್ಯ’ ಎನ್ನುವಾಗ ಕನ್ನಡಕ್ಕೆ ‘ಒಬ್ಬ’ ಬೇಡ, ಇಂಗ್ಲಿಷಿಗೆ ‘ಎ’ ಬೇಕೇ ಬೇಕು. ‘ಸೂರ್ಯ’ ಎಂಬುದಕ್ಕೆ ನಾವು ‘ಆ’ ಸೇರಿಸುವುದಿಲ್ಲ, ಅವರು ‘ದಿ’ ಸೇರಿಸುತ್ತಾರೆ. ನದಿ, ಪರ್ವತಗಳ ನಿಯಮವನ್ನೂ ಬಾಯಿಪಾಠ ಮಾಡುವುದೇ ದಾರಿ. ‘ಫ್ಯೂ’ ಎಂಬ ಪದದ ಬಳಿಯಂತೂ ಬಹಳ ಜಾಗರೂಕತೆ ಬೇಕು. ‘ಎ ಫ್ಯೂ ಫ್ರೆಂಡ್ಸ್’ ಎಂದರೆ ಕೆಲವರು ಗೆಳೆಯರಿದ್ದಾರೆ. ‘ಫ್ಯೂ ಫ್ರೆಂಡ್ಸ್’ ಎಂದರೆ ಗೆಳೆಯರು ಇಲ್ಲವೆನ್ನುವಷ್ಟು ಕಡಿಮೆ. ‘ಎ’ ಬಿಟ್ಟವನು ಒಂಟಿಯಾಗುತ್ತಾನೆ.

ಎರಡನೆಯ ಎಚ್ಚರಿಕೆ, ಪತ್ರಿಕೆಗಳ ತಲೆಬರಹವನ್ನು ನೋಡಿ ವ್ಯಾಕರಣ ಕಲಿಯಬೇಡಿ. ಅಲ್ಲಿ ಆರ್ಟಿಕಲ್ ಬಿಡುವುದು ಸ್ಥಳಾಭಾವದಿಂದ. ನಮ್ಮ ದೇಶದಲ್ಲಿ 2013ರ ಜುಲೈವರೆಗೆ ಇದ್ದ ತಂತಿಯಲ್ಲಿಯೂ ಪದಕ್ಕಿಷ್ಟೆಂದು ಹಣ ತೆರಬೇಕಾದುದರಿಂದ ಆರ್ಟಿಕಲ್‌ಗಳನ್ನು ಬಿಡುತ್ತಿದ್ದರು. ಅದು ಕಾಸಿನ ಉಳಿತಾಯ, ಭಾಷೆಯ ನಿಯಮವಲ್ಲ.

ನಮ್ಮ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳು ಮೊದಲು ಆರ್ಟಿಕಲ್‌ಗಳನ್ನು ಎಲ್ಲ ಕಡೆಯೂ ಬಿಡುತ್ತಾರೆ. ನಾವು ಗದರಿದ ಮೇಲೆ ಎಲ್ಲ ಕಡೆಯೂ ಹಾಕುತ್ತಾರೆ; ‘ದಿ ಹಾನೆಸ್ಟಿ’, ‘ದಿ ಮೈಸೂರ್’ ಎಲ್ಲವೂ ಬರುತ್ತವೆ. ಮೊದಲನೆಯದು ತಿಳಿಯದ ತಪ್ಪು. ಎರಡನೆಯದು ಹೆದರಿಕೆಯ ತಪ್ಪು. ತಿಳಿಯದ್ದನ್ನು ತಿಳಿಸಬಹುದು, ಹೆದರಿಕೆಯನ್ನು ಬಿಡಿಸುವುದು ಕಷ್ಟ. ಆ ಹೆದರಿಕೆಯನ್ನು ಹುಟ್ಟಿಸಿದವರಲ್ಲಿ ನಾನೂ ಒಬ್ಬ. ಆದುದರಿಂದ ವಿದ್ಯಾರ್ಥಿ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟೆ: ಆರ್ಟಿಕಲ್ ಹಾಕುವ ಮುನ್ನ ಹೇಳಬೇಕಾದುದೇನೆಂದು ನಿಮ್ಮ ಭಾಷೆಯಲ್ಲಿ ಒಮ್ಮೆ ಯೋಚಿಸಿ. ಅನುಮಾನ ಬಂದರೆ ನಿಘಂಟನ್ನು ನೋಡಿ, ಇಲ್ಲವೆ ನಮ್ಮನ್ನು ಕೇಳಿ.

ನನಗೂ ಒಂದು ನಿಯಮವನ್ನು ಮಾಡಿಕೊಂಡಿದ್ದೇನೆ. ರಜಾ ಚೀಟಿ ಬಂದರೆ ಈಗ ಮೊದಲು ಪೂರ್ತಿ ಓದುತ್ತೇನೆ, ಮನೆಯಲ್ಲಿ ಹೇಗಿದ್ದಾರೆಂದು ಕೇಳುತ್ತೇನೆ. ಕೆಂಪು ಲೇಖನಿ ಆಮೇಲೆ.