ತಿಮಿಂಗಿಲ ಶಾರ್ಕಿನ ಮೈಮೇಲಿನ ನಕ್ಷತ್ರಪಟ

ಕಡಲಿನ ನಡುವೆ ಒಂದು ವಾರ ಹಡಗಿನಲ್ಲೇ ಉಳಿದು, ಅಲ್ಲೇ ಉಂಡು, ಅಲ್ಲೇ ಮಲಗಿ, ದಿನಕ್ಕೆ ಮೂರು ನಾಲ್ಕು ಬಾರಿ ನೀರಿಗಿಳಿಯುವ ಪ್ರವಾಸಕ್ಕೆ ‘ಲಿವ್‌ಅಬೋರ್ಡ್’ ಎಂದು ಹೆಸರು. ನಮ್ಮ ನೆರೆಯ ಮಾಲ್ಡೀವ್ಸ್‌ನಲ್ಲಿ ಇಂಥ ಹಡಗುಗಳು ಬಹಳ. ಇತ್ತೀಚೆಗೆ ಇವುಗಳ ಜಾಹೀರಾತಿನಲ್ಲಿ ಹೊಸ ಮಾತೊಂದು ಸೇರಿದೆ: ತಿಮಿಂಗಿಲ ಶಾರ್ಕಿನೊಡನೆ ಈಜಿ, ಅದರ ಸಂರಕ್ಷಣೆಗೂ ನೆರವಾಗಿ. ರಜೆ ಕಳೆಯಲು ಹೋದವರಿಂದ ಸಂರಕ್ಷಣೆ ಹೇಗೆ ಸಾಧ್ಯ? ದುಡ್ಡು ಕೊಟ್ಟು ಪುಣ್ಯ ಕಟ್ಟಿಕೊಳ್ಳುವ ಇನ್ನೊಂದು ದಾರಿಯೇ ಇದು ಎಂದು ಯಾರಾದರೂ ಕೇಳಿದರೆ ತಪ್ಪಲ್ಲ. ಈ ಸಂಶಯಕ್ಕೆ ಅರ್ಧ ಆಧಾರವಿದೆ. ಉಳಿದರ್ಧದಲ್ಲಿ ಹೈಸ್ಕೂಲಿನ ರೇಖಾಗಣಿತ ಮತ್ತು ಪಿಯುಸಿಯ ದ್ಯುತಿಶಾಸ್ತ್ರ ಅಡಗಿವೆ. ಈ ಲೇಖನ ಆ ಉಳಿದರ್ಧದ ಕುರಿತದ್ದು.

ಹುಬ್ಬಳ್ಳಿ-ಧಾರವಾಡದವರಿಗೆ ಕಡಲು ದೂರದ ವಿಷಯವೇನಲ್ಲ. ಬೆಳಿಗ್ಗೆ ನವನಗರ ಬಿಟ್ಟರೆ ಮಧ್ಯಾಹ್ನದ ಊಟಕ್ಕೆ ಮುರ್ಡೇಶ್ವರ ಸೇರಬಹುದು. ಅಲ್ಲಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಸುತ್ತ ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಸ್ಕೂಬಾ ಡೈವಿಂಗ್ ನಡೆಯುತ್ತದೆ. ಇದು ಹಡಗಿನ ವಾಸವಲ್ಲ, ಬೆಳಿಗ್ಗೆ ಹೋಗಿ ಅದೇ ದಿನ ಮರಳುವ ಪ್ರವಾಸ. ಅಲ್ಲಿ ಡೈವರ್‌ಗಳಿಗೆ ಅಪರೂಪಕ್ಕೊಮ್ಮೆ ತಿಮಿಂಗಿಲ ಶಾರ್ಕ್ ಕಂಡದ್ದುಂಟು. ನಮ್ಮ ಕರಾವಳಿಯ ಮೀನುಗಾರರ ಬಲೆಗೆ ಅದು ಸಿಕ್ಕ ದಾಖಲೆಗಳೂ ಇವೆ. ವೆರಾವಲ್, ನೇತ್ರಾಣಿ, ಮಾಲ್ಡೀವ್ಸ್ ಮೂರಕ್ಕೂ ನಡುವೆ ಗೋಡೆಯಿಲ್ಲದ ಒಂದೇ ನೀರು ಎಂಬುದನ್ನು ಮರೆಯಬಾರದು.

ಹೆಸರಿನಲ್ಲಿ ತಿಮಿಂಗಿಲವಿದ್ದರೂ ಇದು ಸಸ್ತನಿಯಲ್ಲ. ಕಿವಿರಿನಿಂದ ಉಸಿರಾಡುವ, ಮೃದ್ವಸ್ಥಿಯ ಅಸ್ಥಿಪಂಜರವುಳ್ಳ ಮೀನು. ಇಂದು ಬದುಕಿರುವ ಮೀನುಗಳಲ್ಲೆಲ್ಲ ದೊಡ್ಡದು. ಹದಿನೆಂಟು ಮೀಟರ್ ದಾಟಿದ ಮೀನುಗಳ ದಾಖಲೆ ಇದೆ. ಆಹಾರ ಮಾತ್ರ ಪ್ಲವಕಗಳು, ಮೀನಿನ ಮೊಟ್ಟೆಗಳು ಮತ್ತು ಸಣ್ಣ ಮೀನುಗಳು. ಬಾಯಿ ತೆರೆದು ನೀರು ಸೋಸುತ್ತಾ ಮೇಲ್ಮೈಯಲ್ಲಿ ನಿಧಾನವಾಗಿ ಸಾಗುವುದು ಇದರ ಸ್ವಭಾವ. ಈ ನಿಧಾನವೇ ಪ್ರವಾಸಿಗೆ ಅನುಕೂಲ, ಮೀನಿಗೆ ಅಪಾಯ.

ಯಕೃತ್ತಿನ ಎಣ್ಣೆ ಮತ್ತು ಆರ್ಕಿಮಿಡೀಸ್

ಎಲುಬು ಮೀನುಗಳಲ್ಲಿ ಹೆಚ್ಚಿನವಕ್ಕೆ ತೇಲಲು ಗಾಳಿಚೀಲವಿದೆ. ಶಾರ್ಕುಗಳಿಗೆ ಅದಿಲ್ಲ. ಬದಲಿಗೆ ಅವುಗಳ ಯಕೃತ್ತು ಬಹಳ ದೊಡ್ಡದು ಮತ್ತು ಎಣ್ಣೆಯಿಂದ ತುಂಬಿದ್ದು. ಕಡಲ ನೀರಿನ ಸಾಂದ್ರತೆ ಘನ ಮೀಟರಿಗೆ ಸುಮಾರು 1025 ಕಿಲೋಗ್ರಾಂ. ಎಣ್ಣೆಯದು ಅದಕ್ಕಿಂತ ಕಡಿಮೆ, ಮಾಂಸಖಂಡ ಮತ್ತು ಚರ್ಮದ್ದು ಹೆಚ್ಚು. ಹಗುರ ಯಕೃತ್ತು ಭಾರದ ದೇಹವನ್ನು ಬಹುಮಟ್ಟಿಗೆ ಸರಿದೂಗಿಸುತ್ತದೆ. ಉಳಿದ ಕೊರತೆಯನ್ನು ಈಜುವಾಗ ರೆಕ್ಕೆಗಳು ಕೊಡುವ ಎತ್ತುಬಲ ತುಂಬುತ್ತದೆ. ಈಜು ನಿಂತರೆ ಮೀನು ಮುಳುಗುತ್ತದೆ.

ಈ ಎಣ್ಣೆಯೇ ಅದಕ್ಕೆ ಶತ್ರುವಾಯಿತು. ಗುಜರಾತಿನ ಸೌರಾಷ್ಟ್ರ ತೀರದ ಮೀನುಗಾರರು ಮರದ ದೋಣಿಗಳಿಗೆ ನೀರು ಹಿಡಿಯದಂತೆ ಬಳಿಯಲು ಇದನ್ನು ಬಳಸುತ್ತಿದ್ದರು. ಅಷ್ಟಕ್ಕೇ ನಿಂತಿದ್ದರೆ ಮೀನಿನ ಸಂತತಿಗೆ ದೊಡ್ಡ ಪೆಟ್ಟಾಗುತ್ತಿರಲಿಲ್ಲವೇನೋ. ತೊಂಬತ್ತರ ದಶಕದಲ್ಲಿ ಮಾಂಸ ಮತ್ತು ಈಜುರೆಕ್ಕೆಗಳಿಗೆ ವಿದೇಶಿ ಮಾರುಕಟ್ಟೆ ಸಿಕ್ಕಿತು, ಬೇಟೆ ಉದ್ಯಮವಾಯಿತು. ದೊಡ್ಡ ಕೊಕ್ಕೆ ಚುಚ್ಚಿ ಅದಕ್ಕೆ ಖಾಲಿ ಬ್ಯಾರಲ್‌ಗಳನ್ನು ಕಟ್ಟಿ ಬಿಡುತ್ತಿದ್ದರು. ಮೀನು ಆಳಕ್ಕೆ ಹೋಗದಂತೆ, ಸತ್ತರೂ ಮುಳುಗದಂತೆ ತಡೆಯುವ ಉಪಾಯವದು. ಆರ್ಕಿಮಿಡೀಸನ ತತ್ವವನ್ನು ಶಾಲೆಯಲ್ಲಿ ಕಲಿಯದವರೂ ಕೈಯಲ್ಲಿ ಬಲ್ಲವರು. ಅಲ್ಲಿ ಆ ಮೀನಿಗೆ ‘ಬ್ಯಾರಲ್’ ಎಂದೇ ಹೆಸರಾಯಿತು.

ಮೈಕ್ ಪಾಂಡೆ ಅವರು ಈ ಬೇಟೆಯ ಕುರಿತು ತೆಗೆದ ‘ಶೋರ್ಸ್ ಆಫ್ ಸೈಲೆನ್ಸ್’ ಚಿತ್ರ 2000ದಲ್ಲಿ ಹೊರಬಂದು ದೇಶದ ಕಣ್ಣು ತೆರೆಸಿತು. 2001ರಲ್ಲಿ ತಿಮಿಂಗಿಲ ಶಾರ್ಕನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಹುಲಿಗೆ ಇರುವಷ್ಟೇ ರಕ್ಷಣೆ ಮೀನೊಂದಕ್ಕೆ ಸಿಕ್ಕಿದ್ದು ನಮ್ಮ ದೇಶದಲ್ಲಿ ಅದೇ ಮೊದಲು. 2002ರಲ್ಲಿ ಭಾರತ ಮತ್ತು ಫಿಲಿಪ್ಪೀನ್ಸ್‌ಗಳ ಪ್ರಸ್ತಾವದ ಮೇರೆಗೆ ಅದು ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೂ ಸೇರಿತು.

ಕಾಯಿದೆ ಕಾಗದದಲ್ಲಿ ಬಂತು. ದಡದ ಮೇಲೆ ಅದನ್ನು ಜಾರಿಗೆ ತಂದದ್ದು ಬೇರೆಯದೇ ಒಂದು ಮಾತು. 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ, ಗುಜರಾತ್ ಅರಣ್ಯ ಇಲಾಖೆ ಮತ್ತು ಟಾಟಾ ಕೆಮಿಕಲ್ಸ್ ಸೇರಿ ಆರಂಭಿಸಿದ ಆಂದೋಲನದಲ್ಲಿ ಕಥಾವಾಚಕ ಮೊರಾರಿ ಬಾಪು ಈ ಮೀನನ್ನು ‘ವ್ಹಾಲಿ’, ಅಂದರೆ ಅಕ್ಕರೆಯವಳು, ಎಂದು ಕರೆದರು. ಹೆರಿಗೆಗೆ ತವರಿಗೆ ಬರುವ ಮಗಳನ್ನು ಕೊಲ್ಲುತ್ತೀರಾ ಎಂಬುದು ಅವರ ಪ್ರಶ್ನೆ. ವಿಜ್ಞಾನಿಯಾಗಿ ಒಂದು ತಕರಾರು ಎತ್ತಲೇಬೇಕು: ತಿಮಿಂಗಿಲ ಶಾರ್ಕ್ ಮರಿ ಹಾಕುವುದನ್ನು ಕಡಲಿನಲ್ಲಿ ಯಾರೂ ಕಂಡಿಲ್ಲ, ಸೌರಾಷ್ಟ್ರಕ್ಕೆ ಅದು ಹೆರಿಗೆಗೇ ಬರುತ್ತದೆ ಎಂಬುದು ಸಿದ್ಧವಾಗಿಲ್ಲ. ಆದರೂ ಆ ಮಾತಿಗೆ ಬೇಟೆಗಾರರೇ ಕಾವಲುಗಾರರಾದರು. ಬಲೆಗೆ ಬಿದ್ದ ನೂರಾರು ಮೀನುಗಳನ್ನು ಬಲೆ ಕತ್ತರಿಸಿ ಬಿಟ್ಟಿದ್ದಾರೆ. ಬಲೆಯ ನಷ್ಟಕ್ಕೆ ಸರ್ಕಾರ ಪರಿಹಾರ ಕೊಡುತ್ತದೆ. ಮೊದಲು ಅಧಿಕಾರಿಗಳು ಬಂದು ನೋಡುವವರೆಗೆ ಮೀನು ಬಲೆಯಲ್ಲೇ ಕಾಯಬೇಕಿತ್ತು. ಬಳಿಕ ಮೀನುಗಾರರ ಕೈಗೇ ಕ್ಯಾಮೆರಾ ಕೊಟ್ಟು, ಬಿಡುಗಡೆಯ ಫೋಟೊವನ್ನೇ ಸಾಕ್ಷಿಯೆಂದು ಒಪ್ಪಲಾಯಿತು. ಫೋಟೊ ಮೀನಿನ ಜೀವ ಉಳಿಸುವ ಸಾಧನವಾದ ಒಂದು ಬಗೆ ಇದು. ಇನ್ನೊಂದು ಬಗೆ ಹೆಚ್ಚು ಸ್ವಾರಸ್ಯದ್ದು.

ಬೆನ್ನಿನ ಮೇಲೆ ಆಕಾಶ

ತಿಮಿಂಗಿಲ ಶಾರ್ಕಿನ ಬೂದು-ನೀಲಿ ಚರ್ಮದ ತುಂಬ ಬಿಳಿ ಚುಕ್ಕೆಗಳು. ಮಡಗಾಸ್ಕರಿನಲ್ಲಿ ಇದರ ಹೆಸರಿಗೆ ‘ಬಹು ನಕ್ಷತ್ರ’ ಎಂದೂ ಜಾವಾದಲ್ಲಿ ‘ಬೆನ್ನ ಮೇಲೆ ನಕ್ಷತ್ರ’ ಎಂದೂ ಅರ್ಥ. ಈ ಚುಕ್ಕೆಗಳ ವಿನ್ಯಾಸ ಮೀನಿನಿಂದ ಮೀನಿಗೆ ಬೇರೆ, ವರ್ಷಗಳು ಉರುಳಿದರೂ ಬದಲಾಗದು. ನಮ್ಮ ಹೆಬ್ಬೆರಳ ಗುರುತಿನಂತೆ. ಹಾಗಾದರೆ ಫೋಟೊ ನೋಡಿ ಮೀನನ್ನು ಗುರುತಿಸಬಹುದಲ್ಲ? ಹತ್ತು ಮೀನುಗಳಿದ್ದರೆ ಕಣ್ಣಿನಲ್ಲೇ ಆದೀತು. ಸಾವಿರಾರು ಫೋಟೊಗಳಿದ್ದರೆ, ಅವೂ ಬೇರೆ ಬೇರೆ ದೂರದಿಂದ, ಬೇರೆ ಬೇರೆ ಓರೆಯಲ್ಲಿ ತೆಗೆದವಾದರೆ?

ಖಗೋಳಜ್ಞರಿಗೆ ಇದು ಹಳೆಯ ಸಮಸ್ಯೆ. ಒಂದೇ ಆಕಾಶಭಾಗದ ಎರಡು ಚಿತ್ರಗಳಲ್ಲಿ ಯಾವ ಚುಕ್ಕೆ ಯಾವ ನಕ್ಷತ್ರ ಎಂದು ತಿಳಿಯಬೇಕು. ಚಿತ್ರಗಳು ತಿರುಗಿರಬಹುದು, ಸರಿದಿರಬಹುದು, ಹಿಗ್ಗಿರಬಹುದು. 1986ರಲ್ಲಿ ಎಡ್ವರ್ಡ್ ಗ್ರೋತ್ ಇದಕ್ಕೊಂದು ಸರಳ ವಿಧಾನ ಪ್ರಕಟಿಸಿದರು. ಚುಕ್ಕೆಗಳನ್ನು ಮೂರು ಮೂರರಂತೆ ಸೇರಿಸಿ ತ್ರಿಭುಜಗಳನ್ನು ರಚಿಸುವುದು. ಪ್ರತಿ ತ್ರಿಭುಜದ ಅತಿ ಉದ್ದದ ಮತ್ತು ಅತಿ ಚಿಕ್ಕ ಭುಜಗಳ ಅನುಪಾತವನ್ನೂ ಒಂದು ಕೋನದ ಕೊಸೈನನ್ನೂ ಬರೆದಿಡುವುದು. ಚಿತ್ರ ತಿರುಗಲಿ, ಸರಿಯಲಿ, ಹಿಗ್ಗಲಿ, ಸಮರೂಪ ತ್ರಿಭುಜಗಳಲ್ಲಿ ಈ ಎರಡು ಸಂಖ್ಯೆಗಳು ಬದಲಾಗುವುದಿಲ್ಲ. ಎರಡು ಚಿತ್ರಗಳ ತ್ರಿಭುಜಗಳನ್ನು ಹೋಲಿಸಿ, ಹೊಂದುವ ಪ್ರತಿ ಜೋಡಿ ತನ್ನ ಮೂರು ಚುಕ್ಕೆಗಳಿಗೆ ‘ಮತ’ ಹಾಕುತ್ತದೆ ಎಂದುಕೊಳ್ಳಿ. ಹೆಚ್ಚು ಮತ ಬಿದ್ದ ಚುಕ್ಕೆಗಳೇ ನಿಜವಾಗಿ ಒಂದಾದವು. ಮೂವತ್ತು ಚುಕ್ಕೆಗಳಿಂದ 30×29×28÷6, ಅಂದರೆ 4060 ತ್ರಿಭುಜಗಳಾಗುತ್ತವೆ. ಕೈಲೆಕ್ಕಕ್ಕೆ ಅಸಾಧ್ಯ, ಕಂಪ್ಯೂಟರಿಗೆ ಕ್ಷಣದ ಕೆಲಸ.

ಜೇಸನ್ ಹೋಮ್‌ಬರ್ಗ್ ಎಂಬ ಪ್ರೋಗ್ರಾಮರ್, ಝಾವೆನ್ ಅರ್ಜುಮಾನಿಯನ್ ಎಂಬ ನಾಸಾದ ಖಭೌತವಿಜ್ಞಾನಿ, ಬ್ರಾಡ್ ನಾರ್ಮನ್ ಎಂಬ ಆಸ್ಟ್ರೇಲಿಯದ ಕಡಲಜೀವಿ ತಜ್ಞ, ಈ ಮೂವರು ಸೇರಿ ಗ್ರೋತರ ವಿಧಾನವನ್ನು ಮೀನಿಗೆ ಹೊಂದಿಸಿ 2005ರಲ್ಲಿ ಪ್ರಕಟಿಸಿದರು. ನಕ್ಷತ್ರಗಳ ಬದಲು ಚುಕ್ಕೆಗಳು, ಅಷ್ಟೇ ವ್ಯತ್ಯಾಸ. ಗುರುತಿಗಾಗಿ ಆರಿಸಿದ ಜಾಗ ಐದನೆಯ ಕಿವಿರುಸೀಳಿನ ಹಿಂದಿನ ಪಕ್ಕೆ. ಎಡಪಕ್ಕೆಯ ವಿನ್ಯಾಸ ಬಲಪಕ್ಕೆಯದರ ಪ್ರತಿಬಿಂಬವಲ್ಲ, ಆದ್ದರಿಂದ ಎಡದ ಫೋಟೊವನ್ನು ಎಡದ್ದಕ್ಕೇ ಹೋಲಿಸಬೇಕು. ಪ್ರವಾಸಿಗಳು ಮತ್ತು ಸಂಶೋಧಕರು ಕಳಿಸಿದ ಚಿತ್ರಗಳಿಂದ ಬೆಳೆದ ಜಾಗತಿಕ ಸಂಗ್ರಹದಲ್ಲಿ ಇಂದು ಗುರುತಾದ ಮೀನುಗಳ ಸಂಖ್ಯೆ ಹತ್ತು ಸಾವಿರ ಮೀರಿದೆ. ವಿಜ್ಞಾನಿಗಳ ಚಿಕ್ಕ ತಂಡಕ್ಕೆ ಇಷ್ಟು ಕಡೆ, ಇಷ್ಟು ದಿನ ನೀರಿನಲ್ಲಿರಲು ಹಣವೂ ಇಲ್ಲ, ಆಯುಸ್ಸೂ ಇಲ್ಲ. ಲಿವ್‌ಅಬೋರ್ಡ್ ಪ್ರವಾಸಿ ಉಪಯೋಗಕ್ಕೆ ಬರುವುದು ಇಲ್ಲಿ.

ಒಂದು ಎಚ್ಚರಿಕೆ. ಓರೆಯಿಂದ ತೆಗೆದ ಫೋಟೊ ತ್ರಿಭುಜವನ್ನು ಕೆಡಿಸುತ್ತದೆ. 3, 4, 5 ಭುಜಗಳ ಲಂಬಕೋನ ತ್ರಿಭುಜವನ್ನು ನೇರವಾಗಿ ನೋಡಿದರೆ ಅನುಪಾತ 5÷3, ಅಂದರೆ 1.67. ಅಡ್ಡಲಾಗಿರುವ 4ರ ಭುಜದ ದಿಕ್ಕಿನಲ್ಲಿ 30 ಡಿಗ್ರಿ ಓರೆಯಾದರೆ ಅದು 4×ಕೊಸೈನ್ 30, ಅಂದರೆ 3.46ಕ್ಕೆ ಕುಗ್ಗುತ್ತದೆ. ಆಗ ವಿಕರ್ಣ 4.58, ಅನುಪಾತ 1.53. ಶೇಕಡಾ 8ರಷ್ಟು ದೋಷ. ಆದ್ದರಿಂದ ಪಕ್ಕೆಗೆ ನೇರವಾಗಿ ನಿಂತು ತೆಗೆದ ಚಿತ್ರಕ್ಕೆ ಬೆಲೆ. ಮೀನಿನ ಮುಖದೆದುರು ನಿಂತು ತೆಗೆಸಿಕೊಂಡ ಚಿತ್ರ ಮನೆಯ ಗೋಡೆಗೆ ಸರಿ.

ಉದ್ದ, ವಯಸ್ಸು, ಸಂಖ್ಯೆ

ಪ್ರವಾಸಿಗಳು ಹೇಳುವ ಉದ್ದವನ್ನು ಮಾತ್ರ ಸುಲಭವಾಗಿ ನಂಬಬಾರದು. ನೀರಿನ ವಕ್ರೀಭವನಾಂಕ 1.33. ಮುಖಕವಚದ ಚಪ್ಪಟೆ ಗಾಜಿನ ಮೂಲಕ ನೋಡಿದಾಗ ವಸ್ತು ನಿಜದೂರದ ಮುಕ್ಕಾಲು ಭಾಗದಲ್ಲಿರುವಂತೆ ಕಾಣುತ್ತದೆ, ಕಣ್ಣಿನಲ್ಲಿ ಅದರ ಕೋನಗಾತ್ರ ಮೂರನೆಯ ಒಂದರಷ್ಟು ಹಿಗ್ಗುತ್ತದೆ. ಆರು ಮೀಟರ್ ಮೀನು ಎಂಟಾಗಲು ಇಷ್ಟು ಸಾಕು. ಅಚ್ಚರಿಯಿಂದ ಇನ್ನೊಂದು ಮೀಟರ್ ಸೇರಿದರೂ ಸೇರೀತು. ಸಂಶೋಧಕರು ಇದಕ್ಕೆ ಕಂಡುಕೊಂಡ ಪರಿಹಾರ ಸೊಗಸಾದದ್ದು. ಕ್ಯಾಮೆರಾದ ಎರಡೂ ಬದಿಗೆ, ನಡುವೆ ಗೊತ್ತಾದ ಅಂತರವಿಟ್ಟು, ಉದಾಹರಣೆಗೆ 50 ಸೆಂಟಿಮೀಟರ್, ಎರಡು ಸಮಾಂತರ ಲೇಸರ್ ಕಿರಣಗಳನ್ನು ಹಾಯಿಸುವುದು. ಮೀನು ಎಷ್ಟೇ ದೂರವಿದ್ದರೂ ಮೈಮೇಲೆ ಬೀಳುವ ಎರಡು ಬೆಳಕಿನ ಚುಕ್ಕೆಗಳ ನಡುವೆ ಅಷ್ಟೇ ಅಂತರ. ಅದೇ ಚಿತ್ರದೊಳಗಿನ ಅಳತೆಗೋಲು.

ವಯಸ್ಸಿನ ವಿಷಯದಲ್ಲಿ ನೆರವಾದದ್ದು, ವಿಚಿತ್ರವೆಂದರೆ, ಅಣುಬಾಂಬು. 1950-60ರ ದಶಕಗಳ ವಾಯುಮಂಡಲದ ಪರೀಕ್ಷಾ ಸ್ಫೋಟಗಳು ಕಾರ್ಬನ್-14ರ ಪ್ರಮಾಣವನ್ನು ಹೆಚ್ಚಿಸಿದವು. ಅದು ಕಡಲಿಗಿಳಿದು ಜೀವಿಗಳ ಅಂಗಾಂಶಗಳಲ್ಲಿ ಕಾಲದ ಮುದ್ರೆಯಾಯಿತು. ಸತ್ತ ತಿಮಿಂಗಿಲ ಶಾರ್ಕುಗಳ ಬೆನ್ನುಮೂಳೆಯ ಉಂಗುರಗಳಲ್ಲಿ ಈ ಮುದ್ರೆಯನ್ನು ಅಳೆದು, ವರ್ಷಕ್ಕೊಂದು ಉಂಗುರ ಬೆಳೆಯುತ್ತದೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಪಾಕಿಸ್ತಾನದಲ್ಲಿ ಸಿಕ್ಕ ಸುಮಾರು ಹತ್ತು ಮೀಟರಿನ ಮೀನೊಂದಕ್ಕೆ ಐವತ್ತು ವರ್ಷ. ಇಷ್ಟು ನಿಧಾನವಾಗಿ ಬೆಳೆಯುವ ಜೀವಿ ಒಮ್ಮೆ ಕ್ಷೀಣಿಸಿದರೆ ಬೇಗ ಚೇತರಿಸಿಕೊಳ್ಳುವುದಿಲ್ಲ. 2016ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಇದನ್ನು ಅಳಿವಿನಂಚಿನ ಪ್ರಭೇದಗಳ ಪಟ್ಟಿಗೆ ಏರಿಸಿತು.

ಇನ್ನು ಎಣಿಕೆ. ಒಂದು ದ್ವೀಪದ ಬಳಿ ಮೊದಲ ವರ್ಷ 40 ಮೀನುಗಳ ಗುರುತು ದಾಖಲಾಯಿತು, ಮರುವರ್ಷ ಕಂಡ 30ರಲ್ಲಿ 12 ಹಳೆಯವು ಎಂದಿಟ್ಟುಕೊಳ್ಳಿ. ಒಟ್ಟು ಸಂಖ್ಯೆ ಸುಮಾರು 40×30÷12, ಅಂದರೆ 100. ಎಲ್ಲ ಮೀನುಗಳಿಗೂ ಕಾಣಿಸಿಕೊಳ್ಳುವ ಸಂಭವ ಸಮಾನ ಎಂಬ ಊಹೆಯ ಮೇಲೆ ಈ ಲೆಕ್ಕ ನಿಂತಿದೆ. ಫಿಲಿಪ್ಪೀನ್ಸ್‌ನ ಓಸ್ಲೋಬ್‌ನಲ್ಲಿ ಮಾಡುವಂತೆ ಪ್ರವಾಸಿಗಳಿಗಾಗಿ ದಿನವೂ ಸೀಗಡಿ ಹಾಕಿ ಮೀನುಗಳನ್ನು ಕರೆದರೆ ಅವೇ ಮೀನುಗಳು ಮತ್ತೆ ಮತ್ತೆ ಬರುತ್ತವೆ. 12ರ ಬದಲು 24 ಹಳೆಯವು ಸಿಕ್ಕರೆ ಉತ್ತರ 50ಕ್ಕೆ ಇಳಿಯುತ್ತದೆ. ಮೀನು ಕಡಿಮೆಯಾಗಿಲ್ಲ, ಲೆಕ್ಕ ಕೆಟ್ಟಿದೆ. ಜೊತೆಗೆ ದೋಣಿಯನ್ನು ಕಂಡರೆ ಆಹಾರ ಎಂದು ಮೀನು ಕಲಿಯುತ್ತದೆ. ಬೇರೆ ಕಡೆಯ ದೋಣಿಯಲ್ಲಿ ಕೊಕ್ಕೆ ಇರಬಹುದು ಎಂದು ಅದಕ್ಕೆ ಕಲಿಸುವವರು ಯಾರು? ಆಹಾರ ಹಾಕಿ ಕರೆಯುವ ಪ್ರವಾಸವನ್ನು ಸಂರಕ್ಷಣೆ ಎಂದು ಕರೆಯಲು ನನಗೆ ಮನಸ್ಸು ಬಾರದು.

ಮಾಲ್ಡೀವ್ಸ್‌ನ ಮಾದರಿ ಬೇರೆ. ಅಲ್ಲಿ ತಿಮಿಂಗಿಲ ಶಾರ್ಕಿಗೆ 1995ರಿಂದಲೇ ರಕ್ಷಣೆ ಇದೆ. ದಕ್ಷಿಣ ಆರಿ ಹವಳದಿಬ್ಬದ ಅಂಚು 2009ರಲ್ಲಿ ಸಂರಕ್ಷಿತ ಪ್ರದೇಶವಾಯಿತು. ಅಲ್ಲಿ ವರ್ಷವಿಡೀ ಕಾಣುವವು ಹೆಚ್ಚಾಗಿ ಎಳೆಯ ಗಂಡುಗಳು. 2006ರಿಂದ ಅಲ್ಲಿ ಕೆಲಸ ಮಾಡುತ್ತಿರುವ ಸಂಶೋಧನಾ ತಂಡ ಹಡಗುಗಳ ಪ್ರವಾಸಿಗಳ ಚಿತ್ರಗಳನ್ನೂ ಬಳಸಿಕೊಳ್ಳುತ್ತದೆ. ಮುಟ್ಟಬಾರದು, ಫ್ಲಾಷ್ ಬಳಸಬಾರದು, ದಾರಿಗೆ ಅಡ್ಡ ಬರಬಾರದು ಎಂಬುವು ಸಾಮಾನ್ಯ ನಿಯಮಗಳು. ಆಸ್ಟ್ರೇಲಿಯದ ನಿಂಗಲೂದಲ್ಲಿ ಒಂದು ಮೀನಿನ ಬಳಿ ಒಮ್ಮೆಗೆ ಹತ್ತು ಮಂದಿಗಿಂತ ಹೆಚ್ಚು ಇಳಿಯುವಂತಿಲ್ಲ. ನಿಯಮವಿದ್ದಲ್ಲೆಲ್ಲ ಪಾಲನೆ ಇದೆ ಎಂದಲ್ಲ. ದಕ್ಷಿಣ ಆರಿಯ ಅನೇಕ ಮೀನುಗಳ ಮೈಮೇಲೆ ದೋಣಿ ತಗುಲಿದ ಗಾಯದ ಗುರುತುಗಳಿವೆ, ಅವನ್ನು ದಾಖಲಿಸಿದ್ದೂ ಇದೇ ಫೋಟೊಗಳು.

ದೊಡ್ಡ ಹಡಗುಗಳ ಕಥೆ ಇನ್ನೂ ಗಂಭೀರ. ಉಪಗ್ರಹ ಟ್ಯಾಗ್ ಕಟ್ಟಿದ ಸುಮಾರು 350 ಮೀನುಗಳ ಚಲನೆಯನ್ನು ಹಡಗುಮಾರ್ಗಗಳೊಡನೆ ಹೋಲಿಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಎರಡೂ ಬಹುಪಾಲು ಒಂದರ ಮೇಲೊಂದು ಬೀಳುತ್ತವೆ, ಹಲವು ಟ್ಯಾಗ್‌ಗಳ ಸಂಕೇತ ನಿಬಿಡ ಮಾರ್ಗಗಳಲ್ಲೇ ನಿಂತುಹೋಗಿದೆ. ಡಿಕ್ಕಿಯಲ್ಲಿ ಸತ್ತ ಮೀನು ದಡಕ್ಕೆ ಬರುವುದಿಲ್ಲ. ಗಾಳಿಚೀಲವಿಲ್ಲದ ದೇಹ ಮುಳುಗಿಹೋಗುತ್ತದೆ. ಇಂಥ ಸಾವಿಗೆ ಹೆಣವೂ ಸಿಗದು. ಆದ್ದರಿಂದ ಕಳೆದ ವರ್ಷ ಕಂಡ ಮೀನು ಈ ವರ್ಷ ಮತ್ತೆ ಕಂಡಿತೇ ಎಂಬ ಪ್ರಶ್ನೆಗೆ ಬಹುತೇಕ ಫೋಟೊಗಳೇ ಉತ್ತರ ಹೇಳಬೇಕು. ಈ ಕೆಲಸಕ್ಕೆ ಚಿತ್ರದ ಜೊತೆ ದಿನಾಂಕ, ಸಮಯ, ಸ್ಥಳ, ಯಾವ ಪಕ್ಕೆ ಎಂಬ ನಾಲ್ಕು ವಿವರಗಳು ಅಗತ್ಯ. ನೇತ್ರಾಣಿಯಲ್ಲಿ ಕಂಡರೂ ಇದೇ ಕ್ರಮ. ಇಂಥ ಅಪರೂಪದ ಜಾಗದ ಒಂದು ಚಿತ್ರಕ್ಕೆ ಮಾಲ್ಡೀವ್ಸ್‌ನ ನೂರು ಚಿತ್ರಗಳಿಗಿಂತ ಹೆಚ್ಚು ತೂಕ.

ಶಿಕ್ಷಕರು ಇದನ್ನು ತರಗತಿಯಲ್ಲೇ ಮಾಡಿಸಬಹುದು. ಒಂದು ಹಾಳೆಯ ಮೇಲೆ ಹನ್ನೆರಡು ಚುಕ್ಕೆಗಳನ್ನು ಮನಬಂದಂತೆ ಇಡಿಸಿ, ಮೊಬೈಲಿನಿಂದ ಒಮ್ಮೆ ನೇರವಾಗಿ, ಒಮ್ಮೆ ಹಾಳೆಯನ್ನು ತಿರುಗಿಸಿ, ಒಮ್ಮೆ ಓರೆಯಿಂದ ಚಿತ್ರ ತೆಗೆಯಿರಿ. ಒಟ್ಟು 220 ತ್ರಿಭುಜಗಳು ಸಾಧ್ಯ. ಐದನ್ನು ಆರಿಸಿ ಸ್ಕೇಲಿನಿಂದ ಭುಜಗಳನ್ನು ಅಳೆದು ಅನುಪಾತಗಳನ್ನು ಪಟ್ಟಿ ಮಾಡಿದರೆ ಸಾಕು. ಮೊದಲೆರಡು ಚಿತ್ರಗಳ ಅಂಕಿಗಳು ಅಳತೆಯ ದೋಷದೊಳಗೆ ಹೊಂದುತ್ತವೆ. ಮೂರನೆಯದು ಎಷ್ಟು ತಪ್ಪಿದೆ ಎಂಬುದರಿಂದ ಕ್ಯಾಮೆರಾ ಎಷ್ಟು ಡಿಗ್ರಿ ಓರೆಯಾಗಿತ್ತು ಎಂದು ವಿದ್ಯಾರ್ಥಿಗಳೇ ಲೆಕ್ಕ ಹಾಕಲಿ.