ಝಕಾತ್ ನಿಧಿ: ಲೆಕ್ಕ ಮತ್ತು ಹೊಣೆ

ವರದಾ ನದಿಯು ತುಂಗಭದ್ರೆಯನ್ನು ಕೂಡುವ ಗಳಗನಾಥದಿಂದ ಬ್ಯಾಡಗಿ, ರಾಣೆಬೆನ್ನೂರುಗಳವರೆಗಿನ ಸೀಮೆಯಲ್ಲಿ ಹೊಳೆಯ ನೀರೆತ್ತಿ ಬೆಳೆಯುವ ಹೊಲಗಳೂ ಮಳೆಯನ್ನೇ ನಂಬಿದ ಮೆಣಸಿನಕಾಯಿ ಹೊಲಗಳೂ ಇರುವುದರಿಂದ, ಇಸ್ಲಾಮಿನ ಕಡ್ಡಾಯ ದಾನವಾದ ಝಕಾತ್‌ನ ಲೆಕ್ಕ ಎಷ್ಟು ಸೂಕ್ಷ್ಮವಾದುದೆಂಬುದು ಇಲ್ಲಿ ಚೆನ್ನಾಗಿ ಮನದಟ್ಟಾಗುತ್ತದೆ. 7.5 ತೊಲ ಚಿನ್ನ ಅಥವಾ 52.5 ತೊಲ ಬೆಳ್ಳಿಯ ಮಿತಿಯನ್ನು, ಅಂದರೆ 'ನಿಸಾಬ್' ಅನ್ನು ಮುಟ್ಟಿದ ಸಂಪತ್ತು ಒಂದು ಚಾಂದ್ರಮಾನ ವರ್ಷ ಒಡೆಯನ ಬಳಿ ಉಳಿದರೆ ಅದರಲ್ಲಿ ಶೇಕಡ 2.5ರಷ್ಟು ಬಡವರ ಪಾಲಾಗುತ್ತದೆ. ಬೆಳೆಯ ಮೇಲಿನ ದಾನಕ್ಕೆ 'ಉಶ್ರ್' ಎಂದು ಹೆಸರು. ಮಳೆಯಿಂದ ಬೆಳೆದುದಕ್ಕೆ ಹತ್ತರಲ್ಲಿ ಒಂದು ಪಾಲು, ದುಡಿಮೆಯಿಂದಲೋ ಪಂಪಿನಿಂದಲೋ ನೀರೆತ್ತಿ ಬೆಳೆದುದಕ್ಕೆ ಇಪ್ಪತ್ತರಲ್ಲಿ ಒಂದು ಪಾಲು. ಭಾರತದ ಭೂಮಿಗೆ ಇದರ ಅನ್ವಯ ಹೇಗೆಂಬುದರಲ್ಲಿ ವಿದ್ವಾಂಸರಿಗೆ ಭಿನ್ನಮತವಿದ್ದರೂ, ಈ ನಿಯಮವನ್ನು ಪಾಲಿಸುವವರು ಚೀಲಗಳ ಸಂಖ್ಯೆಯ ಜೊತೆಗೆ ನೀರಿನ ಮೂಲವನ್ನೂ ಬರೆದಿಡಬೇಕಾಗುತ್ತದೆ.

ಕುರ್‌ಆನಿನ 9ನೆಯ ಅಧ್ಯಾಯದ 60ನೆಯ ವಚನವು ಈ ಹಣಕ್ಕೆ ಹಕ್ಕುದಾರರಾದ ಎಂಟು ವರ್ಗಗಳನ್ನು ಹೆಸರಿಸುತ್ತದೆ; ಬಡವರು, ಸಾಲಗಾರರು, ದಾರಿಹೋಕರ ಜೊತೆಗೆ ವಸೂಲಿ ಮಾಡುವ 'ಆಮಿಲ'ರೂ ಅದರಲ್ಲಿ ಸೇರಿದ್ದಾರೆ. ಆಡಳಿತಕ್ಕೆ ಖರ್ಚುಂಟೆಂದು ಮೂಲದಲ್ಲೇ ಒಪ್ಪಿಕೊಂಡಿರುವುದು ಗಮನಾರ್ಹ. ಆದರೆ ಆಮಿಲನಿಗೆ ಕಟ್ಟುಪಾಡೂ ಅಷ್ಟೇ ಬಿಗಿ. ಇಬ್ನುಲ್ ಲುತ್ಬಿಯ್ಯಾ ಎಂಬ ವಸೂಲಿಗಾರನು ತಂದುದರಲ್ಲಿ ಒಂದಷ್ಟನ್ನು ತನಗೆ ಬಂದ ಉಡುಗೊರೆಯೆಂದು ತೆಗೆದಿರಿಸಿದಾಗ, ತಂದೆ-ತಾಯಿಯ ಮನೆಯಲ್ಲೇ ಕುಳಿತಿದ್ದರೆ ಅದು ಅವನಿಗೆ ಬರುತ್ತಿತ್ತೇ ಎಂದು ಪ್ರವಾದಿ ಮುಹಮ್ಮದರು ಮಸೀದಿಯ ಪ್ರವಚನಪೀಠವಾದ ಮಿಂಬರ್ ಏರಿ ಜನರೆದುರೇ ಪ್ರಶ್ನಿಸಿದರೆಂದು ಬುಖಾರಿ ಮತ್ತು ಮುಸ್ಲಿಂ ಹದೀಸ್ ಸಂಗ್ರಹಗಳು ಹೇಳುತ್ತವೆ. ಹುದ್ದೆಯ ಕಾರಣಕ್ಕೆ ಬಂದ ಕಾಣಿಕೆಯನ್ನು ಇಷ್ಟು ನೇರವಾಗಿ ಖಂಡಿಸಿದ ಪ್ರಸಂಗ ಯಾವ ಕಾಲದ ಲೆಕ್ಕಪರಿಶೋಧಕನಿಗೂ ಮಾದರಿ.

ಝಕಾತ್ ವಕ್ಫ್ ಅಲ್ಲ. ವಕ್ಫ್ ಆಸ್ತಿಯು ಹಾಗೆಯೇ ಉಳಿದು ಅದರ ಆದಾಯ ಮಾತ್ರ ವಿನಿಯೋಗವಾಗುತ್ತದೆ, ಮತ್ತು 1995ರ ಕಾಯ್ದೆಯಂತೆ ಅದರ ಉಸ್ತುವಾರಿ ಹೊತ್ತ ಮುತವಲ್ಲಿಯು ವಕ್ಫ್ ಮಂಡಳಿಗೆ ಲೆಕ್ಕ ಒಪ್ಪಿಸಬೇಕಾಗುತ್ತದೆ. ಝಕಾತ್ ಹಣವನ್ನಾದರೋ ಕೊಡುವವರು ಬಂಧುಗಳಿಗೋ ನೆರೆಯವರಿಗೋ ತಾವೇ ಹಂಚಬಹುದು, ಇಲ್ಲವೆ ಜಮಾತಿನ 'ಬೈತುಲ್ ಮಾಲ್' ಎಂಬ ಸಾಮೂಹಿಕ ನಿಧಿಗೆ ಒಪ್ಪಿಸಬಹುದು. ಈ ಭಾಗದಲ್ಲಿ ಹೆಚ್ಚಾಗಿ ಪಾಲನೆಯಲ್ಲಿರುವ ಹನಫಿ ಪಂಥದಂತೆ ಹಣವು ಬಡವನ ಸ್ವಂತ ಒಡೆತನಕ್ಕೆ ಸೇರಲೇಬೇಕು. ಇದಕ್ಕೆ 'ತಮ್ಲೀಕ್' ಎನ್ನುತ್ತಾರೆ. ಆದುದರಿಂದ ಮಸೀದಿಯ ಕಟ್ಟಡಕ್ಕಾಗಲಿ ಇಮಾಮರ ಸಂಬಳಕ್ಕಾಗಲಿ ಅದನ್ನು ಬಳಸುವಂತಿಲ್ಲ, ಮತ್ತು ಎಲ್ಲ ದೇಣಿಗೆಯನ್ನೂ ಒಂದೇ ಪೆಟ್ಟಿಗೆಗೆ ಹಾಕುವ ಸಮಿತಿಯು ಎಷ್ಟೇ ಪ್ರಾಮಾಣಿಕವಾಗಿದ್ದರೂ ಧರ್ಮನಿಯಮವನ್ನು ಮೀರುವ ಸಂಭವವಿರುತ್ತದೆ. ಪ್ರತ್ಯೇಕ ಖಾತೆಯೇ ಇಲ್ಲಿ ಸುಶಾಸನದ ಮೊದಲ ಮೆಟ್ಟಿಲು.

ಪಾಕಿಸ್ತಾನವು 1980ರ ಸುಗ್ರೀವಾಜ್ಞೆಯಿಂದ ಬ್ಯಾಂಕ್ ಖಾತೆಗಳಲ್ಲೇ ಝಕಾತ್ ಕಡಿತಗೊಳಿಸಲು ತೊಡಗಿ ಶಿಯಾ ಸಮುದಾಯದ ಪ್ರತಿಭಟನೆಯನ್ನು ಎದುರಿಸಿತು. ಇಂಡೋನೇಷ್ಯಾದ ಕೇಂದ್ರ ಬ್ಯಾಂಕ್ ಮತ್ತಿತರ ಸಂಸ್ಥೆಗಳು 2016ರಲ್ಲಿ ಮೇಲ್ವಿಚಾರಣೆಗೆಂದು 18 ತತ್ವಗಳನ್ನು ರೂಪಿಸಿದವು. ಸರ್ಕಾರದ ಒತ್ತಾಯವಿಲ್ಲದ ಭಾರತದಲ್ಲಿ ಕೊಡುವವರ ವಿಶ್ವಾಸವೊಂದೇ ಆಧಾರವಾಗಿರುವುದರಿಂದ, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿಕೊಂಡು, ಸಂಗ್ರಹ, ವಿತರಣೆ ಮತ್ತು ಖರ್ಚಿನ ಮೊತ್ತಗಳನ್ನು ಜಮಾತಿನ ಮುಂದೆ ವರ್ಷವರ್ಷವೂ ಇಡುವುದು ಅಗತ್ಯ. ಪಡೆದವರ ಹೆಸರುಗಳು ಮಾತ್ರ ಸಮಿತಿಯ ದಫ್ತರಿನಿಂದ ಹೊರಬರಬಾರದು.