ನಾರ್ವೆಯು ತಡವಾಗಿ ಕೊಟ್ಟ ಮಾನ್ಯತೆ

ಒಂದು ರಾಷ್ಟ್ರವು ಮತ್ತೊಂದಕ್ಕೆ ಮಾನ್ಯತೆ ನೀಡುವುದೆಂದರೆ ಕಾಗದವೊಂದಕ್ಕೆ ರುಜು ಹಾಕುವುದಷ್ಟೆ ಎಂದು ತೋರಬಹುದು. ಆದರೆ ಆ ರುಜುವನ್ನು ಹಾಕಲು ನಾರ್ವೆ ಮೂವತ್ತು ವರ್ಷಗಳಿಗೂ ಮಿಕ್ಕಿ ಕಾದಿತು. ಕಡೆಗೆ 2024ನೆಯ ಇಸವಿ ಮೇ 28ರಂದು, ಐರ್ಲೆಂಡ್ ಹಾಗೂ ಸ್ಪೇನ್ ದೇಶಗಳೊಡನೆ, ಅದು ಪ್ಯಾಲೆಸ್ತೀನನ್ನು ರಾಷ್ಟ್ರವೆಂದು ಒಪ್ಪಿಕೊಂಡಿತು. ಈ ಮೂರರಲ್ಲಿ ನಾರ್ವೆಯ ನಿರ್ಧಾರವೇ ಹೆಚ್ಚು ವಿಚಾರಾರ್ಹವಾದುದು. ಏಕೆಂದರೆ ಕಾಯುವ ನೀತಿಗೆ ಆಧಾರವಾಗಿದ್ದ ಸಂಧಾನವನ್ನು ನಡೆಸಿಕೊಟ್ಟುದು ಆ ದೇಶವೇ.

1993ರಲ್ಲಿ ಇಸ್ರೇಲಿನವರೂ ಪ್ಯಾಲೆಸ್ತೀನ್ ವಿಮೋಚನಾ ಸಂಘಟನೆಯವರೂ ಲೋಕದ ಕಣ್ಣಿಗೆ ಬೀಳದಂತೆ ನಾರ್ವೆಯಲ್ಲಿ ಕಲೆತರು. ಫಾಫೊ ಎಂಬ ಸಂಶೋಧನ ಸಂಸ್ಥೆಯು ಇದಕ್ಕೆ ನೆರಳಾಯಿತು. ವಿದೇಶಾಂಗ ಸಚಿವ ಹೋಲ್ಸ್ಟ್ ಅವರು ಮಾತುಕತೆಯನ್ನು ಕೊನೆಮುಟ್ಟಿಸಿದರು. ಸೆಪ್ಟೆಂಬರ್ 13ರಂದು ವಾಷಿಂಗ್ಟನ್ನಿನಲ್ಲಿ ರಾಬಿನ್ ಮತ್ತು ಅರಾಫತ್ ಕೈಕುಲುಕಿದ ಚಿತ್ರವನ್ನು ಜಗತ್ತೆಲ್ಲ ಕಂಡಿತು.

ಆದರೆ ಆ ಒಪ್ಪಂದದಲ್ಲಿ ಪ್ಯಾಲೆಸ್ತೀನ್ ರಾಷ್ಟ್ರದ ಮಾತೇ ಇರಲಿಲ್ಲ. ಜೆರೂಸಲೆಂ, ನಿರಾಶ್ರಿತರು, ಗಡಿ, ಇಸ್ರೇಲಿ ವಸಾಹತುಗಳು—ಈ ಕಠಿನ ಪ್ರಶ್ನೆಗಳನ್ನೆಲ್ಲ ಐದು ವರ್ಷಗಳ ಮಧ್ಯಂತರ ಅವಧಿಯಲ್ಲಿ ಬಗೆಹರಿಸುವುದೆಂದು ಮುಂದಕ್ಕೆ ಹಾಕಲಾಯಿತು. ರಾಷ್ಟ್ರತ್ವವು ಸಂಧಾನದ ಫಲವಾಗಿ ಬರತಕ್ಕದ್ದು, ಆದುದರಿಂದ ಮಾನ್ಯತೆ ಕಟ್ಟಕಡೆಗೆ ಎಂಬುದು ನಾರ್ವೆಯ ನಿಲುವಾಯಿತು. ನಮ್ಮ ಭಾರತವು 1988ರಲ್ಲಿಯೇ ಪ್ಯಾಲೆಸ್ತೀನಿಗೆ ಮಾನ್ಯತೆ ನೀಡಿದ್ದಿತೆಂಬುದನ್ನು ಇಲ್ಲಿ ನೆನೆಯಬಹುದು.

ಐದು ವರ್ಷ ಕಳೆದರೂ ಆ ಪ್ರಶ್ನೆಗಳು ಬಗೆಹರಿಯಲಿಲ್ಲ. ವಸಾಹತುಗಳು ಮಾತ್ರ ಬೆಳೆದವು. ಯುದ್ಧದಲ್ಲಿ ಹಿಡಿದ ನೆಲಕ್ಕೆ ತನ್ನ ಪ್ರಜೆಗಳನ್ನು ಸಾಗಿಸಬಾರದೆಂದು 1949ರ ನಾಲ್ಕನೆಯ ಜಿನೀವಾ ಒಡಂಬಡಿಕೆ ವಿಧಿಸುತ್ತದೆ. 1967ರಲ್ಲಿ ತಾನು ಗೆದ್ದ ಪಶ್ಚಿಮ ದಂಡೆಗೆ ಈ ವಿಧಿ ಅನ್ವಯಿಸದೆಂಬುದು ಇಸ್ರೇಲಿನ ವಾದ. ಪೂರ್ವ ಜೆರೂಸಲೆಮನ್ನು ಬಿಟ್ಟು ಎಣಿಸಿದರೂ, 1993ರಲ್ಲಿ ಅಲ್ಲಿ ಸುಮಾರು 1 ಲಕ್ಷ 10 ಸಾವಿರವಿದ್ದ ವಲಸೆಗಾರರು ಮೂವತ್ತು ವರ್ಷಗಳಲ್ಲಿ ಸುಮಾರು 5 ಲಕ್ಷವಾದರು. ವ್ಯಾಜ್ಯದ ಹೊಲವನ್ನು ಪಾಲುಮಾಡಲು ಪಂಚಾಯಿತಿ ಕುಳಿತಿರುವಾಗಲೇ ಒಂದು ಪಕ್ಷದವರು ಅಲ್ಲಿ ಮನೆ ಕಟ್ಟುತ್ತ ಹೋದರೆ, ತೀರ್ಪು ಬರುವ ವೇಳೆಗೆ ಹಂಚಲು ಉಳಿಯುವುದೇನು?

2023ರ ಅಕ್ಟೋಬರ್ 7ರಂದು ಹಮಾಸ್ ನಡೆಸಿದ ದಾಳಿಯಲ್ಲಿ ಇಸ್ರೇಲಿನ ಸುಮಾರು 1,200 ಜನ ಹತರಾದರು. ಆ ಬಳಿಕ ಗಾಜಾದ ಮೇಲೆ ನಡೆದ ಯುದ್ಧದಲ್ಲಿ ಸಾವಿರಾರು ಪ್ಯಾಲೆಸ್ತೀನಿಯರು ಮಡಿದರು. ಈ ರಕ್ತಪಾತದ ನಡುವೆ ಪ್ರಧಾನಿ ಸ್ಟೋರೆ ಅವರ ಸರ್ಕಾರವು ಹಳೆಯ ಕ್ರಮವನ್ನು ತಿರುಗುಮುರುಗು ಮಾಡಿತು. ಎರಡೂ ಕಡೆಯ ಸೌಮ್ಯವಾದಿಗಳಿಗೆ ಬಲ ಬರಬೇಕಾದರೆ ಮಾನ್ಯತೆ ಈಗಲೇ ಬೇಕು, ಗಡಿಗೆ 1967ರ ಜೂನ್ 4ರ ರೇಖೆಯೇ ಆಧಾರ ಎಂದಿತು. ಇದು ಭಯೋತ್ಪಾದನೆಗೆ ಕೊಟ್ಟ ಬಹುಮಾನವೆಂದು ಇಸ್ರೇಲ್ ಖಂಡಿಸಿತು. ತಮ್ಮವರ ಶವಸಂಸ್ಕಾರ ಮಾಡಿ ಬಂದ ಜನಕ್ಕೆ ಹಾಗೆ ತೋರಿದುದು ಆಶ್ಚರ್ಯವಲ್ಲ. ಆಗಸ್ಟಿನಲ್ಲಿ, ಪ್ಯಾಲೆಸ್ತೀನ್ ಆಡಳಿತದೊಡನೆ ವ್ಯವಹರಿಸುತ್ತಿದ್ದ ನಾರ್ವೆಯ 8 ಮಂದಿ ರಾಯಭಾರ ಅಧಿಕಾರಿಗಳ ಅಧಿಕಾರವನ್ನು ಇಸ್ರೇಲ್ ರದ್ದುಗೊಳಿಸಿತು. ಎರಡೂ ಪಕ್ಷಗಳು ನಂಬಿದ್ದ ಮಧ್ಯಸ್ಥನ ಸ್ಥಾನವೇ ನಾರ್ವೆ ತೆತ್ತ ಬೆಲೆ.

ಪಡೆದುದೇನು? 2025ರ ಸೆಪ್ಟೆಂಬರಿನಲ್ಲಿ ಬ್ರಿಟನ್, ಕೆನಡಾ, ಆಸ್ಟ್ರೇಲಿಯ, ಫ್ರಾನ್ಸ್ ದೇಶಗಳೂ ಮಾನ್ಯತೆ ನೀಡಿದವು. ಆದರೆ ಅದಕ್ಕೆ ಒಂದು ತಿಂಗಳ ಮುಂಚೆಯಷ್ಟೇ, ಪೂರ್ವ ಜೆರೂಸಲೆಮಿಗೂ ಮಾಲೆ ಅದುಮಿಮ್ ವಸಾಹತಿಗೂ ನಡುವಣ ಬಯಲಿನಲ್ಲಿ 3,400ರಷ್ಟು ಮನೆಗಳನ್ನು ಕಟ್ಟುವ ಯೋಜನೆಗೆ ಇಸ್ರೇಲ್ ಒಪ್ಪಿಗೆಯಿತ್ತಿತು. ಅವು ಎದ್ದು ನಿಂತರೆ ಪಶ್ಚಿಮ ದಂಡೆಯ ಉತ್ತರ ದಕ್ಷಿಣಗಳ ನಂಟು ಕಡಿಯುವುದೆಂಬುದೇ ಪ್ಯಾಲೆಸ್ತೀನಿಯರ ಭೀತಿ. ಮಾನ್ಯತೆಯ ಪತ್ರವು ಒಂದು ಇಟ್ಟಿಗೆಯನ್ನೂ ಕದಲಿಸಲಾರದು, ನಿಜ. ಆದರೆ ಪತ್ರವನ್ನು ತಡೆಹಿಡಿದಿದ್ದ ಮೂವತ್ತು ವರ್ಷಗಳಲ್ಲಿಯೂ ಇಟ್ಟಿಗೆಗಳ ಕೆಲಸ ನಿಲ್ಲಲಿಲ್ಲವೆಂಬುದನ್ನು ನಾರ್ವೆ ಕಂಡುಕೊಂಡಿತು.